ಟ್ಯಾಮ್ಸುಲೋಸಿನ್, ಡಾಕ್ಸಜೋಸಿನ್, ಫಿನಾಸ್ಟರೈಡ್: ಹೃದಯಕ್ಕೆ ಯಾವುದು ಹಿತ?

ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ದೊಡ್ಡದಾಗಿದೆ ಅಂದಾಗ ಸಾಮಾನ್ಯವಾಗಿ ಮೊದಲು ಬರೆದುಕೊಡುವುದು ಟ್ಯಾಮ್ಸುಲೋಸಿನ್. ಅದು ಸ್ನಾಯು ಸಡಿಲಿಸುತ್ತದೆ, ಕೆಲವೇ ದಿನಗಳಲ್ಲಿ ಮೂತ್ರ ಸಲೀಸಾಗುತ್ತದೆ. ಎದ್ದು ನಿಂತಾಗ ತಲೆ ಸುತ್ತಬಹುದು. ಹೃದಯಕ್ಕೆ ಲಾಭ ಎನ್ನಲು ಗಟ್ಟಿ ಆಧಾರವಿಲ್ಲ.

ಅದೇ ಗುಂಪಿನ ಡಾಕ್ಸಜೋಸಿನ್ ಬಿಪಿಯನ್ನೂ ಇಳಿಸುತ್ತದೆ. ಒಂದೇ ಮಾತ್ರೆಗೆ ಎರಡು ಕೆಲಸ, ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಆದರೆ ಆಲ್‌ಹ್ಯಾಟ್ ಎಂಬ ದೊಡ್ಡ ಬಿಪಿ ಪ್ರಯೋಗದಲ್ಲಿ, ಕ್ಲೋರ್ತಾಲಿಡೋನ್ ಎಂಬ ಇನ್ನೊಂದು ಬಿಪಿ ಮಾತ್ರೆ ತಗೊಂಡವರಿಗಿಂತ ಇದನ್ನು ತಗೊಂಡವರಲ್ಲಿ ಹೃದಯ ವೈಫಲ್ಯ ಸುಮಾರು ಎರಡು ಪಟ್ಟು ಕಂಡಿತು. 2000ದಲ್ಲಿ ಆ ಭಾಗವನ್ನೇ ನಿಲ್ಲಿಸಿದರು. ಹೃದಯ ದುರ್ಬಲವಾಗಿರುವವರು ಇದನ್ನು ಮರೆಯಬಾರದು.

ಫಿನಾಸ್ಟರೈಡ್ ನಿಧಾನ, ಆರು ತಿಂಗಳಾದರೂ ಬೇಕು. ಆದರೆ ಗ್ರಂಥಿಯನ್ನೇ ಕುಗ್ಗಿಸುತ್ತದೆ. ಹೃದಯದ ವಿಚಾರದಲ್ಲಿ ನನಗೆ ಆಸೆ ಹುಟ್ಟಿಸಿದ್ದು ಇದೇ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ನೋಡಿದಾಗ, ಇದನ್ನು ತಗೊಳ್ಳುವ ಗಂಡಸರ ಕೊಲೆಸ್ಟ್ರಾಲ್ ಸರಾಸರಿ 30 ಮಿ.ಗ್ರಾಂ/ಡೆ.ಲೀ. ಕಡಿಮೆ ಇತ್ತು. ಇಲಿಗಳಲ್ಲಿ ರಕ್ತನಾಳದ ಕೊಬ್ಬುಗಟ್ಟುವಿಕೆಯೂ ನಿಧಾನವಾಯಿತು. ಆದರೆ ಮನುಷ್ಯರ ಲೆಕ್ಕ ಬಂದದ್ದು ಸಮೀಕ್ಷೆಯಿಂದ, ಪ್ರಯೋಗದಿಂದಲ್ಲ. ಹಾಗಾಗಿ ಸುಮ್ನೆ ಹೃದಯಕ್ಕೆಂದು ನುಂಗಬೇಡಿ. ಲೈಂಗಿಕ ಆಸಕ್ತಿ ತಗ್ಗಬಹುದು. ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವಿಗಾಗಿ ರಕ್ತದಲ್ಲಿ ಅಳೆಯುವ ಪ್ರೋಟೀನ್) ಕೂಡ ಅರ್ಧದಷ್ಟು ಇಳಿಯುತ್ತದೆ. ಕ್ಯಾನ್ಸರ್ ತಪಾಸಣೆಗೆ ಹೋದಾಗ ಈ ಮಾತ್ರೆಯ ಹೆಸರು ಹೇಳಲೇಬೇಕು.