ಕರಾವಳಿಯ ಅಂಗಳಕ್ಕೆ ಕೆಂಟಕಿ ಬ್ಲೂಗ್ರಾಸ್ ಹಾಕಿಸುವ ಮುನ್ನ

ಮಂಗಳೂರು, ಉಡುಪಿಯ ಕಡೆ ಹೊಸ ಮನೆ ಕಟ್ಟಿಸಿ ಅಂಗಳಕ್ಕೆ ಹುಲ್ಲುಹಾಸು ಹಾಕಿಸಲು ಹೊರಟವರು ಹಾಗೂ ಹಿತ್ತಿಲ ಗುಡ್ಡೆಯಲ್ಲಿ ದನಗಳಿಗೆ ಮೇವು ಬೆಳೆಸಬೇಕೆಂದಿರುವವರು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಗುತ್ತಿಗೆದಾರನು ಕೆಂಟಕಿ ಬ್ಲೂಗ್ರಾಸ್ ಎಂಬ ಹೆಸರು ತೆಗೆದರೆ ಮುಂಗಡ ಕೊಡಬೇಡಿ. ಬ್ರಹ್ಮಾವರದ ಸಮೀಪದ ನಮ್ಮ ಮನೆಯಲ್ಲಿ, ಮುಂಬಯಿಯಲ್ಲಿರುವ ಅಣ್ಣನಿಗೆ ಫೋನಿನಲ್ಲೇ ಚಿತ್ರಗಳನ್ನು ತೋರಿಸಿ ಒಪ್ಪಿಸಿದ ಒಬ್ಬ ಗುತ್ತಿಗೆದಾರ, ಎದುರಿನ ಐದು ಸೆಂಟ್ಸ್ ಅಂಗಳಕ್ಕೂ ದನದ ಹಟ್ಟಿಯ ಹಿಂದಿನ ಅರ್ಧ ಎಕರೆ ಇಳಿಜಾರಿಗೂ ಇದೇ ಬೀಜವನ್ನು ಬಿತ್ತಿದ. ಈಗ ಎರಡೂ ಕಡೆ ಕಳೆಯಲ್ಲದೆ ಬೇರೇನೂ ಉಳಿದಿಲ್ಲ.

ಇದು ಕೆಟ್ಟ ಹುಲ್ಲೇನಲ್ಲ, ಮತ್ತು ಮೋಸ ಸುಲಭವಾಗಿ ನಡೆಯುವುದು ಇದೇ ಕಾರಣಕ್ಕೆ. ಪೋವಾ ಪ್ರಾಟೆನ್ಸಿಸ್ ಎಂಬ ಈ ಹುಲ್ಲು ಮೂಲತಃ ಯುರೋಪ್ ಮತ್ತು ಉತ್ತರ ಏಷ್ಯಾದ್ದು. ವಲಸಿಗರೊಂದಿಗೆ ಅಮೆರಿಕಕ್ಕೆ ಹೋಗಿ ಅಲ್ಲಿ ಕೆಂಟಕಿಯ ಹೆಸರು ಪಡೆಯಿತು. ನಮ್ಮ ದೇಶದಲ್ಲಿಯೂ ಕಾಶ್ಮೀರ, ಹಿಮಾಲಯದ ತಂಪು ಪ್ರದೇಶಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ನೆಲದೊಳಗೆ ಹರಿಯುವ ಕಾಂಡಗಳಿಂದ ಹಬ್ಬಿ, ತುಳಿದರೂ ಮೇಯ್ದರೂ ಮತ್ತೆ ಚಿಗುರುವುದರಿಂದ ತಂಪು ನಾಡುಗಳವರು ಬಿಳಿ ಕ್ಲೋವರ್ ಎಂಬ ಮೇವಿನ ಗಿಡದ ಜೊತೆ ಬೆರೆಸಿ ಹುಲ್ಲುಗಾವಲಿಗೂ ಬಿತ್ತುತ್ತಾರೆ. ಗುತ್ತಿಗೆದಾರ ಹೇಳಿದ್ದೂ ಇದನ್ನೇ, ಒಂದಕ್ಷರವೂ ಸುಳ್ಳಲ್ಲ. ಆದರೆ ಈ ಹುಲ್ಲು ಹುಲುಸಾಗಿ ಬೆಳೆಯುವುದು 15ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎಂಬುದನ್ನು ಆತ ಹೇಳಲಿಲ್ಲ. ನಮ್ಮಲ್ಲಿ ಡಿಸೆಂಬರ್‌ನ ನಡುಹಗಲಿನಲ್ಲಿಯೇ 30 ದಾಟುತ್ತದೆ.

ನವೆಂಬರ್‌ನಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ಮೇಲೆ ಕೆಂಪು ಮಣ್ಣು ಹರಡಿ, ಮಣ್ಣಿನ ಪರೀಕ್ಷೆ ಮಾಡಿಸದೆ ಮಣ್ಣಿನ ಹುಳಿ ತಗ್ಗಿಸುವ ಸುಣ್ಣವನ್ನು ಅಂದಾಜಿನ ಮೇಲೆ ಎರಚಿ, ಬಿತ್ತನೆ ಮುಗಿಸಿದರು. ಒಂದು ವಾರದೊಳಗೆ ಹಸಿರು ಕಾಣಿಸಿಕೊಂಡಿತು, ಮನೆಯವರೆಲ್ಲ ಖುಷಿಪಟ್ಟರು. ಸಂಶಯ ಹುಟ್ಟಬೇಕಾಗಿದ್ದುದು ಅಲ್ಲಿಯೇ. ಬ್ಲೂಗ್ರಾಸ್ ಬೀಜ ಮೊಳೆಯಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ವಾರದೊಳಗೆ ಎದ್ದುಬರುವುದು ರೈಗ್ರಾಸ್ ಎಂಬ ಬೇರೊಂದು ಅಗ್ಗದ ಹುಲ್ಲು. ಗುರುತು ಹಿಡಿಯುವುದು ಕಷ್ಟವಲ್ಲ: ಬ್ಲೂಗ್ರಾಸ್ ಎಲೆಯ ತುದಿ ದೋಣಿಯ ಮೂತಿಯಂತೆ ಮಡಚಿಕೊಂಡಿರುತ್ತದೆ, ನಡುನರದ ಎರಡೂ ಬದಿಗೆ ಒಂದೊಂದು ತಿಳಿಗೆರೆ ಇರುತ್ತದೆ; ರೈಗ್ರಾಸ್ ಎಲೆಯ ಕೆಳಭಾಗ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ ಮತ್ತು ತುದಿ ಚೂಪಾಗಿರುತ್ತದೆ. ನಮ್ಮ ಅಂಗಳದಲ್ಲಿ ಎರಡನೆಯದೇ ಹೆಚ್ಚಾಗಿತ್ತು. ಬೀಜದ ಲೆಕ್ಕವೂ ಹಾಗೆಯೇ. ಒಂದು ಕಿಲೋದಲ್ಲಿ 30 ಲಕ್ಷಕ್ಕೂ ಹೆಚ್ಚು ಕಾಳುಗಳಿರುವಷ್ಟು ಸಣ್ಣ ಬೀಜವಿದು. ಚದರ ಮೀಟರಿಗೆ 5ರಿಂದ 10 ಗ್ರಾಂ ಸಾಕು, ಅಂದರೆ ಸುಮಾರು 200 ಚದರ ಮೀಟರಿನ ಐದು ಸೆಂಟ್ಸ್‌ಗೆ ಎರಡು ಕಿಲೋ ಮೀರಬಾರದು. ಬಿಲ್ಲಿನಲ್ಲಿ ಅದರ ಹಲವು ಪಟ್ಟು ತೋರಿಸಿದ್ದರು.

ಜನವರಿಯಲ್ಲಿ ಅಂಗಳ ನಿಜಕ್ಕೂ ಚಂದವಿತ್ತು. ಬಾಕಿ ಹಣವನ್ನು ಆತ ಕೇಳಿ ಪಡೆದದ್ದು ಆ ತಿಂಗಳಿನಲ್ಲಿಯೇ.

ಮಾರ್ಚ್‌ನಲ್ಲಿ ಹಳದಿ ಬಣ್ಣ ಕಾಣಿಸಿಕೊಂಡಾಗ ಯೂರಿಯಾ ಹಾಕಿಸಿದ, ನೀರು ಹೆಚ್ಚಿಸಲು ಹೇಳಿದ. ಅಮೆರಿಕದಲ್ಲಿ ಇದಕ್ಕೆ ವಾರಕ್ಕೆ 25 ಮಿಲಿಮೀಟರ್ ನೀರು ಎಂಬುದು ರೂಢಿಯ ಲೆಕ್ಕ. ಐದು ಸೆಂಟ್ಸ್‌ಗೆ ಅದೇ ಸುಮಾರು 5,000 ಲೀಟರ್ ಆಗುತ್ತದೆ. ಬಾವಿಯ ತಳ ಕಾಣುವ ಏಪ್ರಿಲ್‌ನಲ್ಲಿ ತೆಂಗಿನ ಬುಡಕ್ಕೆ ಹೋಗಬೇಕಾದ ನೀರು ಹೀಗೆ ಹುಲ್ಲಿಗೆ ಹೋಯಿತು. ಬಿಸಿಲಿನಲ್ಲಿ ಬಳಲಿದ ಈ ಹುಲ್ಲಿಗೆ ಸಾರಜನಕ ಕೊಟ್ಟರೆ ಅದು ಬೇರಿನಲ್ಲಿ ಕೂಡಿಟ್ಟ ಆಹಾರವನ್ನು ಎಲೆಗೆ ಸುರಿದು ಇನ್ನಷ್ಟು ಸೊರಗುತ್ತದೆ. ಮೇ ತಿಂಗಳಲ್ಲಿ ನಾನು ಒಂದು ಹಿಡಿ ಹುಲ್ಲನ್ನು ಹಿಡಿದೆಳೆದಾಗ ಅದು ಯಾವ ಬಿಗಿಯೂ ಇಲ್ಲದೆ ಚಾಪೆಯಂತೆ ಎದ್ದು ಬಂತು. ಅಡಿಯಲ್ಲಿದ್ದ ಬೇರು ಒಂದು ಬೆರಳಿನ ಅಗಲದಷ್ಟೂ ಇಳಿದಿರಲಿಲ್ಲ, ಮುಟ್ಟಿದರೆ ಕಂದು ಪುಡಿಯಾಗಿ ಉದುರುತ್ತಿತ್ತು.

ಗುತ್ತಿಗೆದಾರನ ಉತ್ತರವನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ, ಏಕೆಂದರೆ ನಿಮಗೂ ಇದನ್ನೇ ಹೇಳುವ ಸಾಧ್ಯತೆಯಿದೆ. "ಮಂಡೆಬಿಸಿ ಮಾಡ್ಬೇಡಿ ಅಕ್ಕ, ಹುಲ್ಲು ಸತ್ತದ್ದಲ್ಲ, ಮಲಗಿದ್ದು. ಮಳೆ ಬಿದ್ದ ಕೂಡ್ಲೆ ಎದ್ದು ಬರ್ತದೆ." ಬ್ಲೂಗ್ರಾಸ್ ಬೇಸಗೆಯಲ್ಲಿ ಒಣಗಿದಂತೆ ಕಂಡು ಸುಪ್ತಾವಸ್ಥೆಗೆ ಹೋಗುವುದು ನಿಜ, ಕೆಂಟಕಿಯಲ್ಲಿ ಸೆಪ್ಟೆಂಬರ್‌ನ ಹೊತ್ತಿಗೆ ಗಾಳಿ ತಂಪಾದಾಗ ನೆಲದೊಳಗಿನ ಕಾಂಡದಿಂದ ಮತ್ತೆ ಚಿಗುರುವುದೂ ನಿಜ. ಆದರೆ ಅಲ್ಲಿ ಬೇಸಗೆಯ ನಂತರ ಬರುವುದು ಚಳಿ, ನಮ್ಮಲ್ಲಿ ಬರುವುದು ಮಳೆ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದರೂ ನಮ್ಮ ರಾತ್ರಿಗಳು 23–24 ಡಿಗ್ರಿಗಿಂತ ಹೆಚ್ಚು ಇಳಿಯುವುದಿಲ್ಲ. ಅದರ ಮೇಲೆ ಬಿಸಿಲಿಲ್ಲ, ನೆಲ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಎಬ್ಬಿಸುವ ತಂಪು ಬಾರದ ಊರಿನಲ್ಲಿ ಮಲಗಿದ ಹುಲ್ಲು ಮಲಗಿದಲ್ಲೇ ಕೊಳೆಯುತ್ತದೆ. ಜೂನ್ ಕೊನೆಯಲ್ಲಿ ಅಳಿದುಳಿದ ತೇಪೆಗಳ ಮೇಲೆ ಬೆಳಗಿನ ಹೊತ್ತು ಹತ್ತಿಯ ಎಳೆಗಳಂತಹ ಬಿಳಿ ಬೂಸು ಹರಡಿರುತ್ತಿತ್ತು, ಎಲೆಯನ್ನು ಬೆರಳಲ್ಲಿ ತಿಕ್ಕಿದರೆ ಲೋಳೆಯಾಗುತ್ತಿತ್ತು. ಬಿಸಿ ಮತ್ತು ತೇವ ಕೂಡಿದಲ್ಲಿ ಕಾಣಿಸಿಕೊಳ್ಳುವ ಪಿಥಿಯಂ ರೋಗದ ಲಕ್ಷಣಗಳಿವು. ಅದಕ್ಕೆಂದು ಶಿಲೀಂಧ್ರನಾಶಕ ಸಿಂಪಡಿಸಿದರು; ಸಿಂಪಡಿಸಿದ ಜಾಗಕ್ಕೆ ದನ ಬಿಡುವಂತಿಲ್ಲವಾದ್ದರಿಂದ ಹಟ್ಟಿಯ ಎರಡು ದನಗಳಿಗೆ ಬೈಹುಲ್ಲನ್ನು ದುಡ್ಡು ಕೊಟ್ಟು ತರಬೇಕಾಯಿತು. ಇಳಿಜಾರಿನ ಹೊಸ ಮಣ್ಣಿಗೆ ಹಿಡಿತವಿಲ್ಲದೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಅದರಲ್ಲಿ ಬಹುಪಾಲು ಕೊಚ್ಚಿಹೋಯಿತು. ಆಮೇಲೆ ಫೋನ್ ತೆಗೆಯುವವರಿರಲಿಲ್ಲ.

ಬೀಜದ ಚೀಲವನ್ನು ಬಿಚ್ಚುವ ಮೊದಲೇ ನೋಡಿ. ಸಸ್ಯದ ವೈಜ್ಞಾನಿಕ ಹೆಸರು, ಮೊಳಕೆಯ ಶೇಕಡಾವಾರು ಪ್ರಮಾಣ, ಶುದ್ಧತೆ, ಪರೀಕ್ಷೆ ನಡೆದ ದಿನಾಂಕ, ಇವು ಚೀಟಿಯಲ್ಲಿರಬೇಕು. ನಮಗೆ ಬಂದ ಚೀಲದಲ್ಲಿ ಹುಲ್ಲಿನ ಚಿತ್ರ ಮಾತ್ರ ಇತ್ತು. ಹೊರದೇಶದಿಂದ ನೇರವಾಗಿ ತರಿಸಿದ ಬೀಜವೆಂದು ಹೇಳಿದರೆ ಆಮದು ಪರವಾನಗಿಯನ್ನೂ ಸಸ್ಯ ಆರೋಗ್ಯ ಪ್ರಮಾಣಪತ್ರವನ್ನೂ ಕೇಳಿ, 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಅವೆರಡೂ ಅಗತ್ಯ. ಯಾವ ಹುಲ್ಲನ್ನೇ ಹಾಕಿಸಿದರೂ ಒಪ್ಪಂದದ ಹಣದಲ್ಲಿ ದೊಡ್ಡ ಪಾಲನ್ನು ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಈ ಷರತ್ತಿಗೆ ಒಪ್ಪದವನು ಜನವರಿಯ ಅಂಗಳವನ್ನು ಮಾತ್ರ ಮಾರುತ್ತಿದ್ದಾನೆ.

ಬಿಸಿಲು ಬೀಳುವ ಅಂಗಳಕ್ಕೆ ಗರಿಕೆಯ ಜಾತಿಗಳೂ, ತೆಂಗಿನ ನೆರಳಿಗೆ ಇಲ್ಲಿ ಬಫಲೋ ಹುಲ್ಲೆಂದು ಮಾರುವ ಅಗಲ ಎಲೆಯದೂ ಹೊಂದುತ್ತವೆ. ಮೇವಿಗಾದರೆ ಸಜ್ಜೆ-ನೇಪಿಯರ್ ಮಿಶ್ರತಳಿಯ ಮೇವಿನ ಹುಲ್ಲುಗಳಾದ ಸಿಒ-3, ಸಿಒ-4ರ ಕಾಂಡದ ತುಂಡುಗಳು ಅಕ್ಕಪಕ್ಕದ ಹೈನುಗಾರರಲ್ಲೇ ಸಿಗಬಹುದು, ತೋಟದ ನೆರಳಿಗೆ ಗಿನಿ ಹುಲ್ಲು ಒಗ್ಗುತ್ತದೆ. ಮಣ್ಣಿನ ಪರೀಕ್ಷೆಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಿ, ಸುಣ್ಣದ ಮಾತು ಅನಂತರ.

ಈಗಾಗಲೇ ಬ್ಲೂಗ್ರಾಸ್ ಬಿತ್ತಿಸಿಕೊಂಡವರು ಫೆಬ್ರವರಿಯ ನಂತರ ಯೂರಿಯಾ ಹಾಕಬೇಡಿ, ಮೂರು ಇಂಚಿಗಿಂತ ಕೆಳಗೆ ಕತ್ತರಿಸಬೇಡಿ, ಔಷಧಿಗೆ ಹಣ ಸುರಿಯಬೇಡಿ. ಮೊದಲ ಮಳೆಗೆ ಅದರ ನಡುವೆಯೇ ಬಫಲೋ ಹುಲ್ಲಿನ ಗೆಣ್ಣುಗಳನ್ನು ಗೇಣಿಗೊಂದರಂತೆ ನೆಟ್ಟರೆ, ಸೋಣ ತಿಂಗಳ (ಆಗಸ್ಟ್-ಸೆಪ್ಟೆಂಬರ್) ಹೊತ್ತಿಗೆ ಅಂಗಳದ ಮಣ್ಣಾದರೂ ಉಳಿಯುತ್ತದೆ.