ಡಿಮೆನ್ಷಿಯಾ ಬಂದವರನ್ನು ನೋಡಿಕೊಳ್ಳುವ ಮನೆಯವರಿಗೆ ಸರ್ಕಾರದ ನೆರವು: ಮೈಸೂರು, ಮಂಡ್ಯದಲ್ಲಿ ಸಿಗುವುದೆಷ್ಟು?

ಡಿಮೆನ್ಷಿಯಾ ಎಂದರೆ ನೆನಪು, ತಿಳಿವಳಿಕೆ ಕೆಡುತ್ತಾ ಹೋಗುವ ಮರೆವಿನ ಕಾಯಿಲೆ. ಅದು ಬಂದ ಅಪ್ಪ, ಅಮ್ಮ, ಅತ್ತೆ, ಮಾವನನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವವರಿಗಾಗಿ ಪ್ರತ್ಯೇಕ ಯೋಜನೆ ನಮ್ಮಲ್ಲಿಲ್ಲ. ಇರುವುದೆಲ್ಲ ಚೆದುರಿಹೋಗಿದೆ. ಅಂಗವಿಕಲತೆಯ ಕಾರ್ಡು ಆಸ್ಪತ್ರೆಯಲ್ಲಿ, ಪಿಂಚಣಿ ನಾಡಕಚೇರಿಯಲ್ಲಿ, ಭತ್ಯೆ ವಿಕಲಚೇತನರ ಇಲಾಖೆಯಲ್ಲಿ, ತೆರಿಗೆ ರಿಯಾಯಿತಿ ಆಡಿಟರ್ ಹತ್ತಿರ. ಎಲ್ಲವನ್ನೂ ಸೇರಿಸಿ ಒಂದು ಸೇವೆ ಎಂದು ತೂಗಿದರೆ ನಮ್ಮ ಅಭಿಪ್ರಾಯ ಇಷ್ಟು: ಕಾರ್ಡಿನ ದಾರಿ ಪರವಾಗಿಲ್ಲ, ತಯಾರಿ ಮಾಡಿಕೊಂಡು ಹೋದರೆ ಕೆಲಸ ಆಗುತ್ತದೆ, ಪಿಂಚಣಿ ತೀರಾ ಕಡಿಮೆ, ಆರೈಕೆದಾರರ ಭತ್ಯೆಯಂತೂ ಈ ಕಾಯಿಲೆಯವರ ಮನೆಯನ್ನೇ ಬಿಟ್ಟುಬಿಟ್ಟಿದೆ.

ಮೊದಲು ಆ ಭತ್ಯೆಯ ವಿಷಯ. 2024-25ರ ರಾಜ್ಯ ಬಜೆಟ್ಟಿನಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಣೆಯಾಯಿತು. ಆದರೆ ಅದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದವರ ಮನೆಗೆ ಮಾತ್ರ. ದಿನಕ್ಕೆ 33 ರೂಪಾಯಿ ಲೆಕ್ಕ, ದೊಡ್ಡವರ ಡೈಪರಿನ ಖರ್ಚಿಗೂ ಸಾಲದು. ಅದೂ ಡಿಮೆನ್ಷಿಯಾದವರ ಪಾಲಿಗಿಲ್ಲ. ಕಾನೂನು ಹೀಗೆ ಹೇಳುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಇರಬೇಕು ಎನ್ನುತ್ತದೆ. ಸಂಬಳವಿಲ್ಲದೆ ನೋಡಿಕೊಳ್ಳುವ ಮನೆಯವರನ್ನೂ ಅದೇ ಕಾಯ್ದೆ ಆರೈಕೆದಾರರು ಎಂದು ಒಪ್ಪುತ್ತದೆ. ಕೇರಳದ ಆರೈಕೆದಾರರ ಯೋಜನೆ ಆಶ್ವಾಸಕಿರಣಂ ಕೊಡುವುದು 600 ರೂಪಾಯಿ, ನಮ್ಮದಕ್ಕಿಂತ ಕಡಿಮೆ. ಆದರೆ ಹಾಸಿಗೆ ಹಿಡಿದವರ ಪಕ್ಕ ಹಗಲೂ ರಾತ್ರಿ ಒಬ್ಬರು ಬೇಕೇ ಎಂಬುದು ಅಲ್ಲಿನ ಅಳತೆ, ಆ ಅಳತೆ ಸರಿಯಾದದ್ದು. ಪಾರ್ಕಿನ್ಸನ್ಸ್ ಬಂದು ಆಮೇಲೆ ಮರೆವು ಶುರುವಾದವರಿದ್ದರೆ ಪಾರ್ಕಿನ್ಸನ್ಸ್ ಎಂಬುದನ್ನು ವೈದ್ಯರ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ. ಆ ಒಂದು ಗುಂಪಿಗೆ ಈ ಭತ್ಯೆ ಕೇಳುವ ಹಕ್ಕಿದೆ.

ಇನ್ನು ಯುಡಿಐಡಿ, ಅಂದರೆ ಅಂಗವಿಕಲತೆಯ ಕಾರ್ಡು. ಕಾಯ್ದೆಯ 21 ವಿಕಲತೆಗಳ ಪಟ್ಟಿಯಲ್ಲಿ ಡಿಮೆನ್ಷಿಯಾ ಎಂಬ ಹೆಸರು ಹುಡುಕಬೇಡಿ, ಸಿಗುವುದಿಲ್ಲ. ಅರ್ಜಿಯಲ್ಲಿ ‘ಮಾನಸಿಕ ಕಾಯಿಲೆ’ ಎಂಬುದನ್ನು ಆರಿಸಬೇಕು. ಎಷ್ಟೋ ಮನೆಯವರು ಇಲ್ಲೇ ಹಿಂಜರಿಯುತ್ತಾರೆ, ಹುಚ್ಚು ಎಂದು ಬರೆದಂತಾಯಿತು ಎಂದು ನೊಂದುಕೊಳ್ಳುತ್ತಾರೆ. ಕಾಯ್ದೆಯ ವ್ಯಾಖ್ಯೆಯಲ್ಲೇ ನೆನಪು ಕೆಡುವುದು, ಜಾಗ ಮತ್ತು ಹೊತ್ತಿನ ಅರಿವು ತಪ್ಪುವುದು ಸೇರಿದೆ, ಹಾಗಾಗಿ ಸಂಕೋಚ ಬೇಡ. ಅರ್ಜಿ ಸ್ವಾವಲಂಬನ್ ಪೋರ್ಟಲಿನಲ್ಲಿ. ಆಧಾರ್, ಫೋಟೊ, ವಿಳಾಸದ ದಾಖಲೆ ಇದ್ದರೆ ಸಾಕು, ಆಸ್ಪತ್ರೆಯನ್ನು ಅಲ್ಲೇ ಆರಿಸಿಕೊಳ್ಳಬೇಕು. ದೊಡ್ಡ ಸರ್ಕಾರಿ ಆಸ್ಪತ್ರೆ ಎಂದರೆ ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್. ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ) ಕಾರ್ಯಕರ್ತರನ್ನು ಹಿಡಿಯಿರಿ, ಅರ್ಜಿ ತುಂಬಿಸುವುದು ಅವರ ಕೆಲಸವೇ. ಮನೋವೈದ್ಯರ ಮೊದಲ ಚೀಟಿಗೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಆಗುತ್ತದೆ.

ಕೆಲಸ ಕೆಡುವುದು ತಪಾಸಣೆಯ ದಿನ. ವಿಕಲತೆ ಎಷ್ಟೆಂದು ಅಳೆಯುವ ಐಡಿಯಾಸ್ ಎಂಬ ಮಾಪನದಲ್ಲಿ ನಾಲ್ಕು ವಿಷಯಕ್ಕೆ ಅಂಕ ಹಾಕುತ್ತಾರೆ: ತನ್ನ ಮೈ ತಾನು ನೋಡಿಕೊಳ್ಳುವುದು, ಜನರ ಜತೆಗಿನ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಒಂದೊಂದಕ್ಕೂ 0ಯಿಂದ 4, ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ಕಾಯಿಲೆ ಎಷ್ಟು ಕಾಲದ್ದು ಎಂಬುದಕ್ಕೆ 1ರಿಂದ 4. ಒಟ್ಟು 20. ಏಳು ಅಂಕ ಬಂದರೆ ಶೇ 40 ದಾಟಿದ ಹಾಗೆ, ಹದಿನಾಲ್ಕಾದರೆ ಶೇ 70ರ ಮೇಲೆ. ವೈದ್ಯರು ‘ಊಟ ಮಾಡ್ತಾರಾ?’ ಎಂದು ಕೇಳುತ್ತಾರೆ. ಸೊಸೆ ‘ಮಾಡ್ತಾರೆ ಸಾರ್’ ಅಂದುಬಿಡುತ್ತಾಳೆ. ಅಲ್ಲಿಗೆ ಅಂಕ ಹೋಯಿತು. ನಿಜ ಏನು? ಮುದ್ದೆ ಮುರಿದು, ಸಾರಿಗೆ ಅದ್ದಿ, ಕೈಗಿಟ್ಟು, ‘ನುಂಗಿ ಮಾವ’ ಎಂದು ಪ್ರತಿ ತುತ್ತಿಗೂ ಹೇಳಬೇಕು. ನಡುವೆ ಎದ್ದು ಹೋದರೆ ಕರೆದು ಕೂರಿಸಬೇಕು. ಅರ್ಧ ಗಂಟೆಗೆ ಇನ್ನೂ ಊಟವಿಲ್ಲ ಎಂದು ಕೂಗಾಡುತ್ತಾರೆ. ಹೇಳಬೇಕಾದದ್ದು ಇದನ್ನು.

ಎದುರಿಗಿರುವ ಹಿರಿಯರು ಆ ಹೊತ್ತಿಗೆ ‘ಚೆನ್ನಾಗಿದೀನಿ, ತಾವು ಯಾವ ಊರು ಸ್ವಾಮಿ?’ ಎಂದು ಲಕ್ಷಣವಾಗಿ ಮಾತಾಡಿಸಿಬಿಡುತ್ತಾರೆ. ಹಳೆಯ ಮರ್ಯಾದೆಯ ಮಾತು ಅನೇಕರಲ್ಲಿ ಬಹಳ ಕಾಲ ಉಳಿಯುವುದು ಈ ಕಾಯಿಲೆಯ ಗುಣ. ಗಲಿಬಿಲಿ ಏರುವುದು ಸಂಜೆಗೆ, ತಪಾಸಣೆ ನಡೆಯುವುದು ಬೆಳಿಗ್ಗೆ. ಆದ್ದರಿಂದ ಒಂದು ವಾರದ ದಿನಚರಿ ಬರೆದು ಒಯ್ಯಿರಿ: ಸ್ನಾನಕ್ಕೆ ಎಷ್ಟು ಹೊತ್ತು ಹಿಡಿಯಿತು, ಬಟ್ಟೆಯಲ್ಲೇ ಮೂತ್ರ ಎಷ್ಟು ಸಲ, ರಾತ್ರಿ ಎಷ್ಟು ಗಂಟೆಗೆ ಎದ್ದರು, ಗ್ಯಾಸ್ ಹಚ್ಚಿಟ್ಟು ಮರೆತದ್ದು, ದಾರಿ ತಪ್ಪಿದ್ದು. ಸಂಜೆಯ ಎರಡು ನಿಮಿಷದ ವಿಡಿಯೊ ಮೊಬೈಲಿನಲ್ಲಿರಲಿ. ಅವರ ಮುಂದೆ ಹೇಳಲು ಮನಸ್ಸು ಬಾರದಿದ್ದರೆ, ಬರಬಾರದು ಕೂಡ, ವೈದ್ಯರ ಹತ್ತಿರ ಎರಡು ನಿಮಿಷ ಪ್ರತ್ಯೇಕವಾಗಿ ಮಾತಾಡಲು ಕೇಳಿಕೊಳ್ಳಿ. ಹಳೆಯ ಚೀಟಿಗಳನ್ನು ಎಸೆಯಬೇಡಿ, ಮೊದಲ ಚೀಟಿಯ ತಾರೀಖೇ ಕಾಯಿಲೆಯ ಅವಧಿಗೆ ಸಾಕ್ಷಿ. 2024ರ ತಿದ್ದುಪಡಿಯಾದ ನಿಯಮದಂತೆ ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಕಾರ್ಡು, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ. ಬಿಳಿ ಕಾರ್ಡಿಗೆ ಹಣದ ಸೌಲಭ್ಯವಿಲ್ಲ.

ಪಿಂಚಣಿಯಲ್ಲಿ ಒಂದು ಲೆಕ್ಕ ನೋಡಿಕೊಂಡೇ ಮುಂದುವರಿಯಿರಿ. ಅಂಗವಿಕಲರ ಪಿಂಚಣಿ ಶೇ 40ರಿಂದ 75ರವರೆಗೆ 800 ರೂಪಾಯಿ, ಅದರ ಮೇಲೆ 1,400. ಹಿರಿಯರ ಪಿಂಚಣಿಯಾದ ಸಂಧ್ಯಾ ಸುರಕ್ಷಾ 1,200. ಒಬ್ಬರಿಗೆ ಒಂದೇ ಪಿಂಚಣಿ. ಈಗಾಗಲೇ ಸಂಧ್ಯಾ ಸುರಕ್ಷಾ ಬರುತ್ತಿದ್ದವರು ಶೇ 60ರ ಕಾರ್ಡು ಹಿಡಿದು ಬದಲಾಯಿಸಿಕೊಂಡರೆ ತಿಂಗಳಿಗೆ 400 ರೂಪಾಯಿ ನಷ್ಟ. ಶೇ 75 ದಾಟಿದ್ದರೆ ಮಾತ್ರ ಬದಲಾಯಿಸಿ. ಈ ಹಣ ರೋಗಿಗೆ ಸೇರಿದ್ದು. ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮಗಳ ಹೆಸರು ಇಲ್ಲಿ ಎಲ್ಲೂ ಬರುವುದಿಲ್ಲ.

ನಿಜವಾಗಿ ದೊಡ್ಡ ಮೊತ್ತ ಇರುವುದು ಆದಾಯ ತೆರಿಗೆಯಲ್ಲಿ, ಅದೂ ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ. 1961ರ ಕಾಯ್ದೆಯ 80ಡಿಡಿಬಿ ಅಡಿ ಬರುವ ಕಾಯಿಲೆಗಳ ಪಟ್ಟಿಯಲ್ಲಿ ಡಿಮೆನ್ಷಿಯಾ ಹೆಸರು ಹಿಡಿದೇ ಇದೆ. ವಿಕಲತೆ ಶೇ 40 ಆಗಿರಬೇಕು, ನರರೋಗ ತಜ್ಞರ ಚೀಟಿ ಬೇಕು. ಹಿರಿಯ ನಾಗರಿಕರ ಚಿಕಿತ್ಸೆಗೆ, ತೆರಿಗೆಗೆ ಲೆಕ್ಕ ಹಿಡಿಯುವ ಆದಾಯದಲ್ಲಿ 1 ಲಕ್ಷದವರೆಗೆ ಕಡಿತ. 80ಡಿಡಿ ಅಡಿ ಅವಲಂಬಿತರಿಗಾಗಿ 75,000, ಶೇ 80 ದಾಟಿದರೆ 1,25,000. ಇದು ನಿಗದಿ ಮೊತ್ತ, ಖರ್ಚು ಅದಕ್ಕಿಂತ ಕಡಿಮೆಯಿದ್ದರೂ ಪೂರ್ತಿ ಸಿಗುತ್ತದೆ. ಆದರೆ ಕೂಲಿ ಮಾಡುವ, ಕಬ್ಬು ಬೆಳೆಯುವ ಮನೆಗೆ ಇದರಿಂದ ಬಿಡಿಗಾಸೂ ಬರುವುದಿಲ್ಲ. ತೆರಿಗೆ ಕಟ್ಟುವವರಿಗೆ ಲಕ್ಷದ ಲೆಕ್ಕ, ಕಟ್ಟಲಾರದವರಿಗೆ 800ರ ಲೆಕ್ಕ. ಇದು ಅನ್ಯಾಯ ಎಂದು ನೇರವಾಗಿಯೇ ಹೇಳುತ್ತೇವೆ.

ಈ ಯಾವ ಯೋಜನೆಯಲ್ಲೂ ಬಿಡುವು ಎಂಬುದಿಲ್ಲ. ಅಮೆರಿಕದಲ್ಲಿ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 2024ರ ಜುಲೈನಲ್ಲಿ ಶುರುಮಾಡಿದ ಗೈಡ್ ಯೋಜನೆಯಲ್ಲಿ ಮನೆಯವರಿಗೆ ಬಿಡುವು ಕೊಡಲೆಂದೇ ವರ್ಷಕ್ಕೆ 2,500 ಡಾಲರ್‌ವರೆಗೆ ಇದೆ. ಇಲ್ಲಿ ವಾರಕ್ಕೆ ನಾಲ್ಕು ಗಂಟೆ ತರಬೇತಿಯಾದ ಒಬ್ಬರು ಮನೆಗೆ ಬಂದರೂ 1,000 ರೂಪಾಯಿಗಿಂತ ಅದು ಹೆಚ್ಚು ಉಪಯೋಗ.

ವಸ್ತುಗಳಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆ ಚೆನ್ನಾಗಿದೆ. 60 ದಾಟಿದ, ಬಿಪಿಎಲ್ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದವರಿಗೆ ವಾಕರ್, ಗಾಲಿಕುರ್ಚಿ, ಕಮೋಡ್ ಕುರ್ಚಿ, ಶ್ರವಣ ಸಾಧನ ಶಿಬಿರಗಳಲ್ಲಿ ಉಚಿತ. ಕಮೋಡ್ ಕುರ್ಚಿಯನ್ನು ಮೊದಲು ಕೇಳಿ, ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವುದು ಅದರಿಂದ ತಪ್ಪುತ್ತದೆ. ಕಿವಿ ಮಂದವಾಗಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಪರೀಕ್ಷೆ ಮಾಡಿಸಿ, ಕೇಳಿಸದೆ ಆಗುವ ಗಲಿಬಿಲಿಯೂ ಮರೆವಿನ ಲೆಕ್ಕಕ್ಕೇ ಸೇರಿಹೋಗಿರುತ್ತದೆ.

ಬ್ಯಾಂಕ್ ಕೆಲಸವನ್ನು ಮಾತ್ರ ಮುಂದೂಡಬೇಡಿ. ಹಿರಿಯರಿಗೆ ತಿಳಿವಳಿಕೆ ಇರುವಾಗಲೇ ಉಳಿತಾಯ ಖಾತೆಯನ್ನು ಜಂಟಿ ಮಾಡಿಸಿ, ನಾಮಿನಿ ಬರೆಸಿ. ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಮಾಡಿಸಿಟ್ಟರೆ ಸಾಕು ಎನ್ನುವವರಿದ್ದಾರೆ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಅದು ಬಿದ್ದುಹೋಗುತ್ತದೆ. ಆಮೇಲೆ ಅವರದೇ ಹಣ ತೆಗೆದು ಅವರಿಗೆ ಔಷಧಿ ತರಬೇಕೆಂದರೂ ಪೋಷಕರ ನೇಮಕಕ್ಕೆ ವಕೀಲರನ್ನು ಹಿಡಿದು ಅರ್ಜಿ ಹಾಕಬೇಕಾಗುತ್ತದೆ.