ಹೊಸ ಫೋನಿನಲ್ಲಿ ಪುಸ್ತಕ ತೆರೆಯುವ ತನಕ ಹಳೇ ಫೋನ್ ಕೊಡಬೇಡಿ

ಆ್ಯಪ್‌ನಲ್ಲಿ ದುಡ್ಡು ಕೊಟ್ಟು ಇ-ಪುಸ್ತಕ ತಗೊಳ್ಳುವವರು, ಅದರಲ್ಲೂ ಸದ್ಯದಲ್ಲೇ ಫೋನ್ ಬದಲಾಯಿಸುವವರು, ಇದನ್ನು ಓದಿ. ಹೊಸದರಲ್ಲಿ ನಿಮ್ಮ ಪುಸ್ತಕ ತೆರೆದು ನಾಲ್ಕು ಪುಟ ಮಗುಚಿ ನೋಡುವ ತನಕ ಹಳೇ ಫೋನನ್ನು ಯಾರ ಕೈಗೂ ಕೊಡಬೇಡಿ. ಅಂಗಡಿಯವರ ಕೈಗಂತೂ ಬೇಡವೇ ಬೇಡ.

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವನು ನಾನು. ಸೀಟು ಸಿಕ್ಕರೆ ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಪುಸ್ತಕ ತೆರೆದಿರುತ್ತೇನೆ, ಸಿಗದಿದ್ದರೆ ನಿಂತುಕೊಂಡೇ ಓದುತ್ತೇನೆ. ಹಲವು ವರ್ಷಗಳಿಂದ ಕೊಂಡ ಕಾದಂಬರಿಗಳೆಲ್ಲ ಒಂದೇ ಆ್ಯಪ್‌ನಲ್ಲಿದ್ದವು.

ಎಂ.ಜಿ. ರಸ್ತೆ ಕಡೆಯ ಒಂದು ಅಂಗಡಿಯಲ್ಲಿ ಹೊಸ ಫೋನ್ ತಗೊಂಡೆ. ಹಳೇದು ಎಕ್ಸ್‌ಚೇಂಜ್‌ಗೆ. ಪುಸ್ತಕದ ಆ್ಯಪ್ ಬಂದರೆ ಮಾತ್ರ ಹಳೇದು ಕೊಡುತ್ತೇನೆ ಎಂದು ಮೊದಲೇ ಹೇಳಿದ್ದೆ. "ಎಲ್ಲಾ ಬರುತ್ತೆ ಸಾರ್, ಗೂಗಲ್ ಬ್ಯಾಕಪ್ ಇದ್ಯಲ್ಲಾ" ಅಂದ ಹುಡುಗ, ನಾನು ಬಿಲ್ ಕಟ್ಟಿ ಬರುವಷ್ಟರಲ್ಲಿ ಹಳೇ ಫೋನನ್ನು ರೀಸೆಟ್ ಮಾಡಿ ಎಲ್ಲ ಅಳಿಸಿಬಿಟ್ಟಿದ್ದ. ಬ್ಯಾಕಪ್ ಅಂದರೆ ಎಲ್ಲವೂ ಅಂತ ಜನ ನಂಬಿದ್ದಾರೆ, ಆದರೆ ಆಂಡ್ರಾಯ್ಡ್‌ನ ಆಟೋ ಬ್ಯಾಕಪ್‌ನಲ್ಲಿ ಒಂದೊಂದು ಆ್ಯಪ್‌ಗೆ ಇರುವ ಜಾಗ 25 ಎಂಬಿ ಅಷ್ಟೇ, ಅದನ್ನೂ ಆ್ಯಪ್ ಮಾಡಿದವರು ಬೇಕಾದರೆ ಬಂದ್ ಮಾಡಬಹುದು.

ಹೊಸ ಫೋನಿನಲ್ಲಿ ಆಂಡ್ರಾಯ್ಡ್ 14. ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪ್ ಹುಡುಕಿದರೆ ಇನ್‌ಸ್ಟಾಲ್ ಬಟನ್ನೇ ಇಲ್ಲ. ಹಳೇ ಆಂಡ್ರಾಯ್ಡ್‌ಗೆ ಮಾಡಿದ್ದು, ನಿಮ್ಮ ಫೋನಿಗೆ ಸಿಗುವುದಿಲ್ಲ ಅಂತ ಒಂದು ಸಾಲು. ವರ್ಷಗಟ್ಟಲೆ ಅಪ್‌ಡೇಟ್ ಮಾಡದ ಆ್ಯಪ್‌ಗಳನ್ನು ಪ್ಲೇ ಸ್ಟೋರ್ ಹೊಸ ಫೋನುಗಳಿಗೆ ಕೊಡದೇ ಇರಬಹುದು, ಹಳೇ ಫೋನಿನಲ್ಲಿ ಮಾತ್ರ ಅದು ಮಾಮೂಲಿನಂತೆ ಓಡುತ್ತಲೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಹುಡುಗ ಎಲ್ಲಿಂದಲೋ ಎಪಿಕೆ (ಪ್ಲೇ ಸ್ಟೋರ್ ಇಲ್ಲದೆ ಆ್ಯಪ್ ಹಾಕುವ ಫೈಲ್) ತಂದು ಹಾಕಲು ನೋಡಿದ, ಆಗಲಿಲ್ಲ. ಆಂಡ್ರಾಯ್ಡ್ 6ಕ್ಕಿಂತ ಹಿಂದಿನದಕ್ಕೆ ಮಾಡಿಟ್ಟ ಆ್ಯಪ್‌ಗಳನ್ನು ಆಂಡ್ರಾಯ್ಡ್ 14 ಒಳಗೇ ಬಿಡುವುದಿಲ್ಲ. ಬರೀ 32 ಬಿಟ್‌ನ, ಅಂದರೆ ಹಳೇ ಥರದ ಪ್ರೊಸೆಸರ್‌ಗೆ ಮಾಡಿದ ಆ್ಯಪ್ ಆದರೆ ಇನ್ನೊಂದು ತೊಡಕು: 2022ರ ಗೂಗಲ್ ಫೋನ್ ಪಿಕ್ಸೆಲ್ 7ರ ಥರ 64 ಬಿಟ್ ಆ್ಯಪ್ ಮಾತ್ರ ನಡೆಸುವ ಫೋನುಗಳಲ್ಲಿ ಅದು ಓಡುವುದಿಲ್ಲ. ಆಮೇಲೆ ಅವನು ತಂದ ಇನ್ನೊಂದು ಎಪಿಕೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತು! ಪುಸ್ತಕ ಓದುವ ಆ್ಯಪ್‌ಗೆ ನನ್ನ ಬ್ಯಾಂಕ್ ಓಟಿಪಿ ಯಾಕೆ? ಅಲ್ಲಿಗೇ ನಿಲ್ಲಿಸಿ ಫೋನ್ ಕಿತ್ತುಕೊಂಡೆ.

ಆ್ಯಪ್ ಕಂಪನಿಗೆ ಮೇಲ್ ಹಾಕಿದರೆ, ಅದನ್ನು ನಿಲ್ಲಿಸಿದ್ದೇವೆ, ಹಳೇ ಖರೀದಿ ಬೇರೆ ಕಡೆ ಬರುವುದಿಲ್ಲ ಎಂಬ ಉತ್ತರ. ಅಂಗಡಿಯವರು ಸ್ಕ್ರೀನಿಗೆ ಒಂದು ಗ್ಲಾಸ್ ಬಿಟ್ಟಿ ಅಂಟಿಸಿ ಕೈ ತೊಳೆದುಕೊಂಡರು.

ಈಗ ನಾನು ಲಾಕ್ ಇಲ್ಲದ ಇಪಬ್ ಎಂಬ ಇ-ಪುಸ್ತಕದ ಫೈಲ್ ಕೈಗೆ ಕೊಡುವ ಕಡೆ ಮಾತ್ರ ಕೊಳ್ಳುತ್ತೇನೆ. ಒಂದು ಆ್ಯಪ್ ಸತ್ತರೆ ಇನ್ನೊಂದರಲ್ಲಿ ತೆರೆಯಬಹುದು, ಪೆನ್‌ಡ್ರೈವ್‌ನಲ್ಲೂ ಇಡಬಹುದು. ಆದರೂ ಮೊದಲು ಒಂದೇ ಪುಸ್ತಕ ಕೊಂಡು ನೋಡಿ, ಯಾಕೆಂದರೆ ಕೆಲವರು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಎಲ್ಲ ಫೋನುಗಳಲ್ಲೂ ನಡೆಯುವ ಯೂನಿಕೋಡ್‌ಗೆ ಬದಲಾಯಿಸದೆ ಸುಮ್ನೆ ಹಾಗೇ ಇಪಬ್ ಮಾಡಿಬಿಡುತ್ತಾರೆ, ಬೇರೆ ಆ್ಯಪ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಪುಸ್ತಕದ್ದೇ ಫಾಂಟ್ ಬಳಸುವ ಆಯ್ಕೆ ಇದ್ದರೆ ಆನ್ ಮಾಡಿ, ಕೆಲವೊಮ್ಮೆ ಸರಿಹೋಗುತ್ತದೆ. ಒಳಗೆ ಕನ್ನಡದಲ್ಲಿ ಹುಡುಕುವುದು ಮಾತ್ರ ಆಗಲೂ ಆಗುವುದಿಲ್ಲ.

ಈಗಾಗಲೇ ಯಾವುದಾದರೂ ಆ್ಯಪ್‌ನಲ್ಲಿ ಜಾಸ್ತಿ ಪುಸ್ತಕ ಕೊಂಡಿದ್ದರೆ ಇವತ್ತೇ ಪ್ಲೇ ಸ್ಟೋರ್‌ನಲ್ಲಿ ಅದರ ವಿವರ ತೆರೆದು, ಕೊನೆಯ ಅಪ್‌ಡೇಟ್ ಯಾವಾಗ ಆಗಿದೆ ನೋಡಿ. ತುಂಬಾ ಹಳೇದಾಗಿದ್ದರೆ ಆ ಫೋನಿನಿಂದ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಬೇಡಿ, ಜಾಗ ಕಮ್ಮಿ ಅಂತ ಡೇಟಾ ಅಳಿಸುವ ಬಟನ್ನನ್ನೂ ಒತ್ತಬೇಡಿ. ಆ್ಯಪ್ ಒಳಗೇ ಇಟ್ಟುಕೊಂಡ ಪುಸ್ತಕಗಳು ಅದರ ಜೊತೆಗೇ ಹೋಗುತ್ತವೆ.